ಇಳಕಲ್ಲು ಎಂಬ ಊರು

ಮನುಷ್ಯರಿಗಿರುವಂತೆ ಊರುಗಳಿಗೂ ಸ್ವಭಾವವೆಂಬುದೊಂದು ಉಂಟು. ದೊಡ್ಡ ಪಟ್ಟಣಗಳಲ್ಲಿ ಅದು ಜನಸಂದಣಿಯ ನಡುವೆ ಮರೆಯಾಗಿ ಹೋಗುವುದು. ಚಿಕ್ಕ ಊರುಗಳಲ್ಲಾದರೋ ಬೀದಿಯ ಸದ್ದಿನಲ್ಲಿ, ಸಂತೆಯ ಮಾತಿನಲ್ಲಿ, ಉಡುವ ಬಟ್ಟೆಯಲ್ಲಿ ಸ್ಪಷ್ಟವಾಗಿ ಕಾಣಬರುವುದು. ಇಟಲಿ ದೇಶದ ಜನರು ತಮ್ಮ ತಮ್ಮ ಊರಿನ ಮೇಲಿನ ಅಭಿಮಾನಕ್ಕೆ ಒಂದು ಸೊಗಸಾದ ಹೆಸರನ್ನಿಟ್ಟಿದ್ದಾರೆ: ಅದನ್ನು ಅವರು ಕಾಂಪನಿಲಿಸ್ಮೊ ಎನ್ನುತ್ತಾರೆ. ಕಾಂಪನೀಲೆ ಎಂದರೆ ಇಗರ್ಜಿಯ ಗಂಟೆಗೋಪುರ. ನಮ್ಮ ಊರಿನ ಗಂಟೆಯ ಸದ್ದು ಎಷ್ಟು ದೂರ ಕೇಳಿಸುವುದೋ ಅಷ್ಟೇ ನಮ್ಮ ನಾಡು ಎಂಬ ಭಾವನೆ ಆ ಮಾತಿನಲ್ಲಿ ಅಡಗಿದೆ. ಕಡಲಿಗೆ ದೂರವಾದ, ಯಾತ್ರಿಕರ ದಾರಿಗೆ ಸಿಕ್ಕದ ದಕ್ಷಿಣ ಇಟಲಿಯ ಬೆಟ್ಟದೂರುಗಳಲ್ಲಿ ಈ ಅಭಿಮಾನ ಬಹಳ ಬಲವಾಗಿರುವುದಂತೆ. ನಮ್ಮ ನಾಡಿನಲ್ಲಿ ಊರಿನ ಅಭಿಮಾನವು ಗೋಪುರಕ್ಕಿಂತಲೂ ಹೆಚ್ಚಾಗಿ ಕಸುಬಿಗೆ ಅಂಟಿಕೊಂಡು ಬಂದಿದೆ. ಚನ್ನಪಟ್ಟಣವೆಂದರೆ ಗೊಂಬೆ, ಬೀದರವೆಂದರೆ ಬಿದರಿಯ ಪಾತ್ರೆ, ಮೊಳಕಾಲ್ಮೂರೆಂದರೆ ರೇಷ್ಮೆ. ಹಾಗೆಯೇ ಇಳಕಲ್ಲು ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಸೀರೆ. ಆ ಸೀರೆಯ ಹಿಂದೆ ಇರುವ ಊರು ಎಂತಹುದು, ಅದರ ಗುಣವೇನು ಎಂಬುದನ್ನು ಕುರಿತು ಈಗ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇಳಕಲ್ಲು ಬಾಗಲಕೋಟೆ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ಈ ಜಿಲ್ಲೆಯು ಮೊದಲು ವಿಜಾಪುರ ಜಿಲ್ಲೆಯ ಭಾಗವಾಗಿದ್ದು 1997ರಲ್ಲಿ ಪ್ರತ್ಯೇಕವಾಯಿತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಎಂಬ ಮೂರು ನದಿಗಳು ಈ ಸೀಮೆಯಲ್ಲಿ ಹರಿಯುವುವಾದರೂ ಮಳೆ ಕಡಿಮೆ. ಎರೆಯ ಭೂಮಿ, ಜೋಳ, ಹತ್ತಿ, ಕಡಲೆ ಇವು ಬಹುಕಾಲದಿಂದ ಬಂದ ಬೆಳೆಗಳು. ಮಳೆ ಬಿದ್ದರೆ ನೆಲ ಕಾಲಿಗೆ ಮೆತ್ತುವುದು. ಬೀಳದಿದ್ದರೆ ಬಿರಿದು ಬಾಯಿಬಿಡುವುದು. ಇಂತಹ ನೆಲದಲ್ಲಿ ಒಂದಕ್ಕೊಂದು ಹತ್ತಿರವಾಗಿ ನಾಲ್ಕು ಊರುಗಳಿವೆ. ನೆರೆಹೊರೆಯವುಗಳಾದರೂ ಇವುಗಳ ಸ್ವಭಾವ ಒಂದರಂತೆ ಒಂದಿಲ್ಲ.

ಬಾದಾಮಿಯ ಹಿರಿಮೆ ಎಲ್ಲರಿಗೂ ತಿಳಿದದ್ದೇ. 543ರಲ್ಲಿ ಒಂದನೆಯ ಪುಲಕೇಶಿಯು ಕೋಟೆಯನ್ನು ಕಟ್ಟಿಸಿದುದನ್ನು ಅಲ್ಲಿಯ ಬಂಡೆಯ ಶಾಸನ ಹೇಳುತ್ತದೆ. 578ರಲ್ಲಿ ಮಂಗಳೇಶನು ವಿಷ್ಣುವಿನ ಗುಹಾಲಯವನ್ನು ಪೂರ್ತಿಗೊಳಿಸಿದನು. ಕಪ್ಪೆ ಅರಭಟ್ಟನ ಶಾಸನದಲ್ಲಿ ನಮ್ಮ ತ್ರಿಪದಿಯ ಹಳೆಯ ರೂಪ ದೊರೆಯುತ್ತದೆ. ಕೆಂಪು ಮರಳುಗಲ್ಲಿನ ಬೆಟ್ಟಗಳ ನಡುವೆ, ಅಗಸ್ತ್ಯತೀರ್ಥದ ದಂಡೆಯ ಮೇಲೆ ಕುಳಿತಿರುವ ಆ ಊರು ತನ್ನ ಪೂರ್ವಿಕರ ಕೀರ್ತಿಯಲ್ಲಿ ಬಾಳುವ ಹಳೆಯ ಮನೆತನದಂತೆ ತೋರುವುದು. ಪುಷ್ಯಮಾಸದಲ್ಲಿ ಸಮೀಪದ ಬನಶಂಕರಿಯ ಜಾತ್ರೆ ಕೂಡಿದಾಗ ಮಾತ್ರ ಅದಕ್ಕೆ ಹೊಸ ಪ್ರಾಣ ಬರುವುದು. ನಾಟಕದ ಕಂಪೆನಿಗಳು ಬಂದು ಬೀಡುಬಿಟ್ಟು, ರಾತ್ರಿಯೆಲ್ಲ ಆಟಗಳು ನಡೆಯುವುವು. ಬಾಗಲಕೋಟೆಯದು ವ್ಯಾಪಾರದ ಊರಿನ ಗಡಸು, ಹೋಳಿಹಬ್ಬದ ಹಲಗೆಯ ಸದ್ದಿನ ಉತ್ಸಾಹ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿಗೆ ತನ್ನ ಹಳೆಯ ಬೀದಿಗಳಲ್ಲಿ ಅನೇಕವನ್ನು ಒಪ್ಪಿಸಿ, ನವನಗರವೆಂಬ ಹೊಸ ಊರನ್ನು ಅದು ಕಟ್ಟಿಕೊಳ್ಳಬೇಕಾಯಿತು. ಹುನಗುಂದವು ಬಹುಕಾಲದಿಂದ ತಾಲ್ಲೂಕಿನ ಕಚೇರಿಯ ಸ್ಥಳ. ಐಹೊಳೆ, ಕೂಡಲಸಂಗಮಗಳೂ ಕರದಂಟಿಗೆ ಹೆಸರಾದ ಅಮೀನಗಡವೂ ಹಿಂದಿನಿಂದ ಅದರ ಆಡಳಿತಕ್ಕೆ ಸೇರಿದ್ದುವು. ರೈತನು ಕಂದಾಯಕ್ಕೂ ಕಾಗದಪತ್ರಕ್ಕೂ ಹುನಗುಂದಕ್ಕೆ ಹೋಗುವನು. ಆದರೆ ಮಗಳ ಮದುವೆ ಗೊತ್ತಾದರೆ ಅವನ ಗಾಡಿಯು ಕೆಲವೇ ಮೈಲಿ ಮುಂದಿರುವ ಇಳಕಲ್ಲಿನ ಕಡೆಗೆ ತಿರುಗುತ್ತಿತ್ತು. ಈ ಒಂದು ಸಂಗತಿಯಲ್ಲಿಯೇ ಆ ಎರಡು ಊರುಗಳ ಅಂತರವೆಲ್ಲ ಅಡಗಿದೆ.

ಇಳಕಲ್ಲಿಗೆ ದೊಡ್ಡ ನದಿಯಿಲ್ಲ, ರಾಜಧಾನಿಯಾಗಿದ್ದ ಹಿರಿಮೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಹೊಟಗಿಯಿಂದ ಗದಗಿಗೆ ರೈಲುದಾರಿಯನ್ನು ಹಾಕಿದಾಗ ಬಾಗಲಕೋಟೆ, ಬಾದಾಮಿಗಳ ಬಳಿ ರೈಲು ಬಂದಿತು. ಇಳಕಲ್ಲು ದೂರವೇ ಉಳಿಯಿತು. ಮೇಲಾಗಿ ಅದು ಗಡಿಯ ಊರು. ಇಳಕಲ್ಲು ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಆಚೆಯ ಕುಷ್ಟಗಿ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಒಂದೇ ಭಾಷೆಯನ್ನಾಡುವ, ಒಂದೇ ಜೋಳದ ರೊಟ್ಟಿಯನ್ನುಣ್ಣುವ, ಒಬ್ಬರ ಮನೆಗೊಬ್ಬರು ಹೆಣ್ಣುಕೊಟ್ಟು ತರುವ ಜನರ ನಡುವೆ ಎರಡು ಸರಕಾರಗಳ ಗೆರೆ ಬಿದ್ದಿತ್ತು. ಆ ಗೆರೆ ಅಳಿಸಿಹೋದದ್ದು 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾದಾಗ. ಗಡಿಯ ಊರುಗಳು ಎರಡು ಬಗೆಯಾಗಬಹುದು: ಗೆರೆಗೆ ಹೆದರಿ ಮುದುಡಿಕೊಳ್ಳಬಹುದು, ಇಲ್ಲವೆ ಎರಡೂ ಕಡೆಯವರಿಗೆ ಬೇಕಾದ ಸಂತೆಯಾಗಬಹುದು. ಇಳಕಲ್ಲು ಸಂತೆಯಾಯಿತು. ವ್ಯಾಪಾರದ ಬುದ್ಧಿ ಆ ನೆಲಕ್ಕೆ ಹೊಸದೂ ಅಲ್ಲ. ಹತ್ತಿರದ ಐಹೊಳೆಯು ಒಂದು ಕಾಲಕ್ಕೆ ದಕ್ಷಿಣಾಪಥದಲ್ಲೆಲ್ಲ ಹೆಸರಾದ “ಅಯ್ಯಾವೊಳೆ ಐನೂರ್ವರು” ಎಂಬ ವರ್ತಕರ ಸಂಘದ ಮೂಲಸ್ಥಾನವಲ್ಲವೆ?

ಇನ್ನು ಸೀರೆಯ ವಿಷಯ. ಇಳಕಲ್ಲ ಸೀರೆಯಲ್ಲಿ ಮೂರು ಅಂಗಗಳುಂಟು: ಒಡಲು, ದಡಿ ಮತ್ತು ಸೆರಗು. ಒಡಲು ಹತ್ತಿಯ ನೂಲಿನದು, ರೇಷ್ಮೆಯದೂ ಉಂಟು. ಚಿಕ್ಕ ಚಿಕ್ಕ ಚೌಕುಳಿ, ಸಣ್ಣ ಗೆರೆ, ಇಲ್ಲವೆ ಒಂದೇ ಬಣ್ಣ. ದಾಳಿಂಬೆಯ ಕೆಂಪು, ನವಿಲಿನ ಹಸುರು, ಗಿಳಿಯ ಹಸುರು ಇವು ಹೆಣ್ಣುಮಕ್ಕಳಿಗೆ ಮೆಚ್ಚಿನ ಬಣ್ಣಗಳು. ಮದುವಣಗಿತ್ತಿಯ ಸೀರೆಗೆ ಗಿರಿಕುಂಕುಮವೆಂಬ ಬಣ್ಣ. ದಡಿಯಲ್ಲಿ ಗೋಮಿ, ಗಾಡಿ, ಚಿಕ್ಕಿ ಪರಾಸ ಎಂದು ಅನೇಕ ಜಾತಿಗಳು. ದಡಿ ಯಾವುದೆಂದು ನೋಡಿಯೇ ಸೀರೆಯ ತರಗತಿಯನ್ನು ಹೇಳಬಲ್ಲ ಮುದುಕಿಯರು ಆ ಕಡೆಯ ಹಳ್ಳಿಗಳಲ್ಲಿ ಅಪರೂಪವಲ್ಲ. ಸೆರಗು ಮಾತ್ರ ಬಹುಮಟ್ಟಿಗೆ ಒಂದೇ ಬಗೆ: ಕೆಂಪು ರೇಷ್ಮೆಯದು. ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿಯ ಪಟ್ಟೆ. ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ, ಕೋಟೆಯ ಗೋಡೆಯ ತಲೆಯಂತೆ, ಜೋಳದ ತೆನೆಯಂತೆ, ಬೆಟ್ಟದ ಸಾಲಿನಂತೆ ಕಾಣುವ ವಿನ್ಯಾಸಗಳು. ಇದನ್ನು ತೋಪುತೆನೆ ಸೆರಗು ಎನ್ನುವರು. ಕನ್ನಡದಲ್ಲಿ ತೆನೆ ಎಂಬ ಮಾತು ಜೋಳದ ಕಂಕಿಗೂ ಸಲ್ಲುವುದು, ಕೋಟೆಯ ಮೇಲಣ ಕೊತ್ತಲಿನ ಹಲ್ಲುಗಳಿಗೂ ಸಲ್ಲುವುದು. ಸುತ್ತಲೂ ಜೋಳದ ಹೊಲ, ದಿಕ್ಕುದಿಕ್ಕಿಗೆ ಹಳೆಯ ಕೋಟೆಗಳು. ಇವೆರಡನ್ನೂ ನಿತ್ಯವೂ ನೋಡುವ ಜನರು ತಮ್ಮ ಸೆರಗಿನಲ್ಲಿ ಇವನ್ನೇ ಇಟ್ಟುಕೊಂಡುದು ಸಹಜವಾಗಿದೆ.

ಆದರೆ ಈ ಸೀರೆಯ ಮರ್ಮವಿರುವುದು ಬಣ್ಣದಲ್ಲಾಗಲಿ ವಿನ್ಯಾಸದಲ್ಲಾಗಲಿ ಅಲ್ಲ, ಜೋಡಣೆಯಲ್ಲಿ. ಅದನ್ನು ಸ್ವಲ್ಪ ವಿವರಿಸಬೇಕು. ನೇಯುವ ಬಟ್ಟೆಗೆ ಉದ್ದಕ್ಕೆ ಹಾಸಿದ ಎಳೆಗಳೂ ಅಡ್ಡಕ್ಕೆ ಹೊಗಿಸುವ ಎಳೆಗಳೂ ಇರುವುವಷ್ಟೆ. ಹಾಸು ಮತ್ತು ಹೊಕ್ಕು ಎಂದು ಅವಕ್ಕೆ ಹೆಸರು. ಸಾಮಾನ್ಯವಾದ ಸೀರೆಯಲ್ಲಿ ಒಂದೇ ಹಾಸು ಒಡಲಿನಿಂದ ಸೆರಗಿನವರೆಗೆ ಹರಿದುಬರುವುದು. ಅನೇಕ ಸೀರೆಗಳಿಗೆ ಸಾಕಾಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಹೂಡಿ ನೇಯುತ್ತ ಹೋಗಬಹುದು. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಮಗ್ಗಕ್ಕೆ ಏರಿಸುವ ಮೊದಲು ಒಡಲಿನ ಎಳೆಗಳ ತುದಿಗೆ ಸೆರಗಿನ ಎಳೆಗಳನ್ನು ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸಿ, ಒಂದೊಂದಾಗಿ, ಕೈಯಿಂದಲೇ ಸೇರಿಸಬೇಕು. ಎಳೆಗಳಾದರೋ ಸಾವಿರಗಟ್ಟಲೆ. ಒಂದು ಎಳೆ ತಪ್ಪಿದರೆ ಅದು ಸೆರಗಿನಲ್ಲಿ ಕಂಡೇ ಕಾಣುವುದು. ಹೀಗೆ ಜೋಡಿಸಿದ ಹಾಸಿನಿಂದ ಒಂದೇ ಒಂದು ಸೀರೆಯಾಗುವುದು. ಆದುದರಿಂದ ಇಳಕಲ್ಲಿನ ನೇಕಾರನು ಆರು ಗಜ, ಎಂಟು ಗಜ, ಒಂಬತ್ತು ಗಜ ಎಂದು ಒಂದೊಂದು ಸೀರೆಗೂ ಒಂದೊಂದು ಹಾಸನ್ನೇ ಸಿದ್ಧಮಾಡಿಕೊಳ್ಳಬೇಕಾಗಿದೆ.

ಅಡ್ಡ ಎಳೆಯಲ್ಲಿಯೂ ಇಂತಹುದೇ ಒಂದು ಕೌಶಲವಿದೆ. ದಡಿಯ ಬಣ್ಣ ಒಡಲಿನೊಳಗೆ ಸುಳಿಯದೆ, ಒಡಲಿನ ಬಣ್ಣ ದಡಿಯೊಳಗೆ ನುಸುಳದೆ, ಎರಡೂ ತಮ್ಮ ತಮ್ಮ ಗೆರೆಯಲ್ಲಿಯೇ ನಿಲ್ಲಬೇಕಾದರೆ ಮೂರು ಲಾಳಿಗಳು ಬೇಕು: ಎರಡು ದಡಿಗಳಿಗೆ ಎರಡು, ಒಡಲಿಗೆ ಒಂದು. ದಡಿಯ ಎಳೆ ಬಂದು ಒಡಲಿನ ಎಳೆಯನ್ನು ಕೊಂಡಿಯಂತೆ ಹಿಡಿದು ಹಿಂದಿರುಗುವುದು. ಇದನ್ನೇ ಕೊಂಡಿ ಎನ್ನುವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಮೂರು ಲಾಳಿಗಳನ್ನು ನಡೆಯಿಸುತ್ತ ನೇಯುವ ಈ ಕೆಲಸದಲ್ಲಿ ಒಂದು ಸೀರೆಗೆ ಸುಮಾರು ಒಂದು ವಾರ ಹಿಡಿಯುವುದು. ಅದೂ ಒಬ್ಬನ ಕೆಲಸವಲ್ಲ. ನೂಲನ್ನು ಬಿಡಿಸುವುದು, ಗಂಜಿ ಹಚ್ಚುವುದು, ಕಂಡಿಕೆ ಸುತ್ತುವುದು, ಹಾಸು ಜೋಡಿಸುವುದು ಇವುಗಳಲ್ಲಿ ಮನೆಯ ಹೆಂಗಸರ ಕೈ, ಮುದುಕರ ಕೈ ಎಲ್ಲವೂ ಸೇರುವುವು. ನೇಯುವವನ ಹೆಸರಿನಲ್ಲಿ ಮಜೂರಿ ಬರುವುದು. ದುಡಿದದ್ದು ಮಾತ್ರ ಇಡೀ ಮನೆ.

ಇಷ್ಟೊಂದು ತೊಡಕಿನ ಜೋಡಣೆಯನ್ನು ಆ ಜನರು ಏಕೆ ಕೈಗೊಂಡರು? ನನಗೆ ತೋರುವ ಉತ್ತರ ಇದು. ರೇಷ್ಮೆ ತುಟ್ಟಿ, ಹತ್ತಿ ಆ ನೆಲದಲ್ಲಿಯೇ ಬೆಳೆಯುವುದು. ಹೊಲದಲ್ಲಿ ಕಳೆ ಕೀಳುವ, ಬಿಸಿಲಿನಲ್ಲಿ ಬುತ್ತಿ ಹೊತ್ತು ನಡೆಯುವ ಹೆಣ್ಣಿಗೆ ಮೈಗೆ ಹತ್ತಿಯೇ ಹಿತ, ಕೈಗೂ ಅದೇ ಎಟಕುವುದು. ಆದರೆ ಅವಳಿಗೂ ರೇಷ್ಮೆಯನ್ನುಡುವ ಆಸೆ ಇರಬಾರದೆ? ಆ ಕಡೆಯ ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದೆಯುವರು. ಜನರ ಕಣ್ಣಿಗೆ ಮೊದಲು ಬೀಳುವುದು ಸೆರಗು. ಆದಕಾರಣ ದುಡಿಮೆಗೆ ಬೇಕಾದ ಒಡಲನ್ನು ಹತ್ತಿಯಲ್ಲಿಯೂ ಮರ್ಯಾದೆಗೆ ಬೇಕಾದ ಸೆರಗನ್ನು ರೇಷ್ಮೆಯಲ್ಲಿಯೂ ನೇಯ್ದು ಒಂದು ಮಾಡಿದರು. ಬಡವಳ ಆಸೆಯನ್ನು ಬಡವಳ ಹಣದೊಳಗೆ ನೆರವೇರಿಸಿಕೊಡುವುದಕ್ಕಾಗಿ ನೇಕಾರನು ತನ್ನ ಕಣ್ಣು, ಬೆರಳುಗಳ ಶ್ರಮವನ್ನು ಸೇರಿಸಿದನು. ನಮ್ಮ ಮೈಸೂರಿನ ರೇಷ್ಮೆಗೆ ಅರಮನೆಯ ಪೋಷಣೆ ದೊರಕಿತು; 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾರ್ಖಾನೆಯೇ ಸ್ಥಾಪಿತವಾಯಿತು. ಇಳಕಲ್ಲ ಸೀರೆಯನ್ನು ದಿನದಿನವೂ ಪೋಷಿಸಿಕೊಂಡು ಬಂದವಳು ಸಾಮಾನ್ಯಳಾದ ಒಕ್ಕಲಗಿತ್ತಿ. ಗುಳೇದಗುಡ್ಡದ ಖಣದ ಕುಪ್ಪಸ, ಇಳಕಲ್ಲ ಸೀರೆ ಎಂಬುದು ಅವಳ ಹಬ್ಬದ ಉಡುಪು, ಮದುವೆಯ ಉಡುಪು. ಅವಳಷ್ಟೇ ಅಲ್ಲ, ಮಹಾರಾಷ್ಟ್ರದ ಹೆಣ್ಣುಮಕ್ಕಳೂ “ಇರಕಲ್” ಎಂಬ ಹೆಸರಿನಿಂದ ಈ ಸೀರೆಯನ್ನು ಮೆಚ್ಚಿ ಉಟ್ಟರು. ಒಂಬತ್ತು ಗಜದ ಹಾಸು ಅವರಿಗಾಗಿ. ಭಾಷೆಯ ಗಡಿಯನ್ನು ಈ ಊರಿನ ಸೀರೆ ರಾಜಕೀಯದವರಿಗಿಂತ ಸುಲಭವಾಗಿ ದಾಟಿತು.

ಸಾಮಾನ್ಯರನ್ನು ನಂಬಿದ ಕಸುಬಿಗೆ ಸಾಮಾನ್ಯರ ಕಷ್ಟವೂ ತಪ್ಪದು. 1876ರಿಂದ 1878ರವರೆಗಿನ ಬರವು ಈ ಸೀಮೆಯನ್ನು ಹಿಂಡಿ ಹಾಕಿತು. ಬರಗಾಲದಲ್ಲಿ ಒಕ್ಕಲಿಗನು ಮೊದಲು ಬಿಡುವುದು ಹೊಸ ಬಟ್ಟೆಯನ್ನು. ಹೊಲ ಒಣಗುವ ಮೊದಲೇ ಮಗ್ಗ ನಿಲ್ಲುವುದು. ಮಳೆ ಬಂದ ಮೇಲೂ ಪೈರು ಕೈಗೆ ಬರುವವರೆಗೆ ಮಗ್ಗ ಏಳದು. ಆ ಬಳಿಕ ವಿದೇಶದ ರಾಸಾಯನಿಕ ಬಣ್ಣಗಳು ಬಂದು, ಬೇರಿನಿಂದಲೂ ತೊಗಟೆಯಿಂದಲೂ ಬಣ್ಣ ತೆಗೆಯುತ್ತಿದ್ದ ಬಣ್ಣಗಾರರ ವಿದ್ಯೆ ದೇಶದಲ್ಲೆಲ್ಲ ಕ್ಷೀಣಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಕೃತಕ ರೇಷ್ಮೆ ಬಂದಿತು. ಇಳಕಲ್ಲು ಅದನ್ನೂ ಸ್ವೀಕರಿಸಿ, ಚಮಕಾ ಎಂದು ಹೆಸರಿಟ್ಟು, ಅಗ್ಗದ ಸೆರಗನ್ನು ನೇಯ್ದಿತು. ಇವೆಲ್ಲವನ್ನೂ ಆ ಕಸುಬು ತಾಳಿಕೊಂಡಿತು. ತಾಳಿಕೊಳ್ಳಲು ಕಷ್ಟವಾದದ್ದು ವಿದ್ಯುತ್ತಿನ ಮಗ್ಗದ ಸ್ಪರ್ಧೆ.

ವಿದ್ಯುತ್ತಿನ ಮಗ್ಗವು ಚೌಕುಳಿಯನ್ನು ನೇಯಬಲ್ಲುದು, ದಡಿಯನ್ನು ನೇಯಬಲ್ಲುದು, ಕೆಂಪು ಸೆರಗಿನ ತೋರಿಕೆಯನ್ನೂ ಕೊಡಬಲ್ಲುದು. ಅದು ಮಾಡದೆ ಬಿಡುವುದು ಆ ಜೋಡಣೆಯೊಂದನ್ನೇ. ಒಂದೊಂದು ಸೀರೆಗೂ ನಿಂತು ಎಳೆ ಎಳೆಯನ್ನು ಸೇರಿಸುತ್ತ ಕೂತರೆ ಯಂತ್ರದ ವೇಗಕ್ಕೆ ಬೆಲೆಯೇನು? ಆದುದರಿಂದ ಒಂದೇ ಉದ್ದವಾದ ಹಾಸನ್ನು ಹೂಡಿ, ಜೋಡಣೆಯಿಲ್ಲದೆ, ಬಹುಬೇಗ ಬಹುಸಂಖ್ಯೆಯ ಸೀರೆಗಳನ್ನು ತೆಗೆಯುವುದು. ಅವೂ ಇಳಕಲ್ಲ ಸೀರೆಯೆಂಬ ಹೆಸರಿನಿಂದಲೇ ಅಂಗಡಿಗಳಲ್ಲಿ ಮಾರಾಟವಾಗುವುವು. ಯಂತ್ರವು ಅನ್ನವನ್ನು ಕೊಡುವುದಿಲ್ಲವೆಂದು ಹೇಳಲಾಗದು. ಊರಿನ ಅನೇಕ ಮನೆಗಳು ಅದರಿಂದಲೇ ಬಾಳಿವೆ. ಆದರೆ ಒಂದೇ ಹೆಸರಿನ ಎರಡು ಸೀರೆಗಳು ಪಕ್ಕಪಕ್ಕದಲ್ಲಿದ್ದು, ಒಂದರ ಬೆಲೆ ಇನ್ನೊಂದರ ಬೆಲೆಗಿಂತ ಬಹಳ ಕಡಿಮೆಯಾಗಿರುವಾಗ, ವ್ಯತ್ಯಾಸವನ್ನರಿಯದ ಕೊಳ್ಳುವವರು ಕೈಮಗ್ಗದವನನ್ನೇ ದುಬಾರಿಯವನೆಂದು ತಿಳಿಯುವರು. ಒಂದು ವಾರ ಇಡೀ ಮನೆ ದುಡಿದ ಮಜೂರಿಯು ಹೊರಗೆ ಕೂಲಿಗೆ ಹೋದವನ ಸಂಬಳಕ್ಕೆ ಸಾಟಿಯಾಗದಿದ್ದರೆ, ಮಗನಿಗೆ ಲಾಳಿ ಹಿಡಿಯೆಂದು ಹೇಳುವ ಧೈರ್ಯ ತಂದೆಗೆ ಎಲ್ಲಿಂದ ಬರಬೇಕು?

ಸರಕಾರವು ಸುಮ್ಮನಿದ್ದಿತೆಂದೂ ಹೇಳುವಂತಿಲ್ಲ. 1975ರಲ್ಲಿ ಕರ್ನಾಟಕದ ಕೈಮಗ್ಗ ಅಭಿವೃದ್ಧಿ ನಿಗಮ ಏರ್ಪಟ್ಟಿತು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಾಗಿಡುವ ಕಾನೂನು ಭಾರತದಲ್ಲಿ ಆಯಿತು. ಈ ಶತಮಾನದ ಮೊದಲ ದಶಕದಲ್ಲಿ ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆಯೂ ದೊರಕಿತು. ಅಂದರೆ ಆ ಹೆಸರು ಆ ಊರಿನ ಸ್ವತ್ತೆಂದು ಕಾನೂನು ಒಪ್ಪಿತು. ಪಕ್ಕದ ಗದಗು ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿದ ಜನ ಇವರು. ಸಾವಕಾರನ ನೂಲಿಗೆ ಕಾಯದೆ ತಾವೇ ಕೂಡಿ ನೂಲು ತರುವ ಉಪಾಯ ಅವರಿಗೆ ತಿಳಿಯದ್ದೇನೂ ಅಲ್ಲ. ಆದರೂ ಕಾನೂನು ಹೆಸರನ್ನು ಕಾಯಬಲ್ಲುದು. ಬೆರಳಿನ ವಿದ್ಯೆಯನ್ನು ಕಾಯುವುದು ಕೊಳ್ಳುವವರ ಕಣ್ಣು.

ಇಳಕಲ್ಲಿನ ಸ್ವಭಾವವನ್ನು ಹೇಳುವಾಗ ಸೀರೆಯೊಂದನ್ನೇ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಊರಿನ ಸುತ್ತಮುತ್ತಲಿನ ಕೆಂಪು ಗ್ರಾನೈಟ್ ಕಲ್ಲು ದೇಶಾಂತರಗಳಿಗೆ ಹೋಗಿದೆ; ನಯಮಾಡಿದ ಆ ಕಲ್ಲಿನ ಬಣ್ಣ ಸೆರಗಿನ ಬಣ್ಣಕ್ಕೆ ದೂರದ ನೆಂಟನಂತಿರುವುದು. ಸಮೀಪದ ಕಂದಗಲ್ಲಿನಲ್ಲಿ ಹುಟ್ಟಿದ ಹನುಮಂತರಾಯರು “ರಕ್ತರಾತ್ರಿ” ಮೊದಲಾದ ನಾಟಕಗಳಿಂದ ವೃತ್ತಿರಂಗಭೂಮಿಗೆ ಗಂಭೀರವಾದ ವಾಣಿಯನ್ನು ಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ನೆನೆಯಬೇಕಾದದ್ದು ಅಲ್ಲಿಯ ವಿಜಯ ಮಹಾಂತೇಶ ಮಠದ ಒಂದು ಕಾರ್ಯ. ಆ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಸ್ವಾಮಿಗಳ ಜೋಳಿಗೆಗೆ ಕಾಳುಕಡ್ಡಿಯನ್ನೋ ಹಣವನ್ನೋ ಹಾಕುವುದು ಪದ್ಧತಿ. ಇವರು ಕೇಳಿದ ಭಿಕ್ಷೆ ಬೇರೆ: ನಿಮ್ಮ ಕುಡಿತವನ್ನು ಹಾಕಿರಿ, ತಂಬಾಕನ್ನು ಹಾಕಿರಿ, ನಿಮ್ಮನ್ನು ಹಿಡಿದ ಚಟ ಯಾವುದೋ ಅದನ್ನು ಇದರೊಳಗೆ ಹಾಕಿ ಹಗುರಾಗಿರಿ ಎಂದರು. ಮಜೂರಿ ಕೈಗೆ ಬಂದ ಸಂಜೆಯೇ ಅದು ಕರಗಿಹೋಗುವ ಮನೆಗಳ ಹೆಂಗಸರಿಗೆ ಈ ಭಿಕ್ಷೆಯ ಅರ್ಥ ವಿವರಿಸಬೇಕಾಗಿರಲಿಲ್ಲ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಮಾಡಿತು. ದುಡಿದ ಹಣ ದುಡಿದವರ ಮನೆಯಲ್ಲಿಯೇ ನಿಲ್ಲಬೇಕೆಂಬ ಯೋಚನೆ ದುಡಿಮೆಯ ಊರಿನಲ್ಲಿಯೇ ಮೂಡಿದುದು ಉಚಿತವಾಗಿದೆ.

ಹೀಗೆ ನೋಡಿದರೆ ಇಳಕಲ್ಲಿನ ಸ್ವಭಾವವು ಹಲವು ಕಡೆ ಒಂದೇ ಗುಣದಿಂದ ಪ್ರಕಟವಾಗಿರುವಂತೆ ಕಾಣುವುದು. ಬೇರೆ ಬೇರೆಯಾದುವನ್ನು, ಅವುಗಳ ಬೇರೆತನವನ್ನು ಅಳಿಸದೆ, ಬಿಡದಂತೆ ಸೇರಿಸುವುದು ಆ ಊರಿಗೆ ಸಾಧಿಸಿದ ವಿದ್ಯೆ. ಹತ್ತಿಯು ಹತ್ತಿಯಾಗಿಯೇ ಉಳಿಯಿತು, ರೇಷ್ಮೆಯು ರೇಷ್ಮೆಯಾಗಿಯೇ ಉಳಿಯಿತು, ಸೀರೆ ಒಂದಾಯಿತು. ಎರಡು ಸರಕಾರಗಳ ಜನ ಒಂದು ಸಂತೆಯಲ್ಲಿ ಕೂಡಿದರು. ಕನ್ನಡದವಳೂ ಮರಾಠಿಯವಳೂ ಒಂದೇ ಸೆರಗನ್ನು ಹೊದೆದರು.

ಈ ವಿದ್ಯೆ ಮುಂದೆಯೂ ಉಳಿಯುವುದೋ ಇಲ್ಲವೋ ಎಂಬುದು ಆ ಊರಿನವರ ಕೈಯಲ್ಲಿ ಮಾತ್ರ ಇಲ್ಲ. ಇದನ್ನು ಕೇಳುತ್ತಿರುವ ಪಟ್ಟಣವಾಸಿಗಳಲ್ಲಿ ಅನೇಕರು ಇಳಕಲ್ಲ ಸೀರೆಯನ್ನು ಕೊಂಡಿರಬಹುದು, ಕೊಳ್ಳಲಿರಬಹುದು. ಅಂತಹವರಿಗೆ ಒಂದು ಸಣ್ಣ ಸೂಚನೆಯನ್ನು ಕೊಡಬಹುದೆನಿಸುತ್ತದೆ. ಅಂಗಡಿಯವನು ಸೀರೆಯನ್ನು ಹಾಸಿದಾಗ ಸೆರಗಿನ ಸೊಬಗನ್ನು ನೋಡಿ ತಲೆದೂಗುವ ಮೊದಲು, ಒಡಲು ಮುಗಿದು ಸೆರಗು ಮೊದಲಾಗುವ ಗೆರೆಯನ್ನು ಮಗುಚಿ ನೋಡಬೇಕು. ನಿಜವಾದ ಜೋಡಣೆಯಿದ್ದರೆ ಅಲ್ಲಿ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ತಾಗುವುದು. ಗೆರೆಯ ಆಚೆ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಒಡಲಿನ ಬಣ್ಣದ ಎಳೆಗಳೇ ಸೆರಗಿನೊಳಗೂ ಹರಿದುಹೋಗಿದ್ದರೆ ಅದು ಯಂತ್ರದ ಕೆಲಸವೆಂದು ತಿಳಿಯಬಹುದು. ಹಾಗೆಂದು ಅದನ್ನು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಅದಕ್ಕೆ ತಕ್ಕ ಬೆಲೆಯನ್ನು ಕೊಟ್ಟು ಕೊಳ್ಳಲಿ. ಜೋಡಣೆಯುಳ್ಳ ಸೀರೆಗೂ ಅದಕ್ಕೆ ತಕ್ಕ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟರೆ ಸಾಕು. ಕೊಳ್ಳುವವರು ಆ ಗೆರೆಯನ್ನು ಮಗುಚಿ ನೋಡುವರೆಂಬ ನಂಬಿಕೆ ನೇಕಾರನಿಗೆ ಇರುವವರೆಗೆ, ಅವನ ಮನೆಯಲ್ಲಿ ಎಳೆಗೆ ಎಳೆ ಸೇರಿಸುವವರು ಇದ್ದೇ ಇರುವರು.